ಸೇಂಟ್ ಲೂಯಿಸಿನ ತೊಂಬತ್ತು ಇಟ್ಟಿಗೆ

ಕಳೆದ ವಾರ ತುಮಕೂರಿನಿಂದ ನನ್ನ ಸೋದರಮಾವನ ಮಗ ವಾಟ್ಸಾಪಿನಲ್ಲಿ ಒಂದು ಮನೆಯ ನಕ್ಷೆ ಕಳಿಸಿದ. ಥರ್ಟಿ-ಫಾರ್ಟಿ ಸೈಟು, ಪೂರ್ವಕ್ಕೆ ಬಾಗಿಲು, ಕಾರಿಗೆ ಧಾರಾಳವಾದ ಜಾಗ, ದೇವರಿಗೆ ಅದಕ್ಕಿಂತ ತುಸು ಕಡಿಮೆ. ಕೆಳಗೊಂದು ಪ್ರಶ್ನೆ: "ಅಕ್ಕ, ಹೊರಗಿನ ಗೋಡೆ ಒಂಬತ್ತು ಇಂಚು ಸಾಕಲ್ವಾ?" ಮೊದಲಾಗಿದ್ದರೆ ಎರಡು ಸೆಕೆಂಡಿನಲ್ಲಿ "ಸಾಕು" ಎಂದು ಬರೆದು ಅನ್ನಕ್ಕಿಡಲು ಹೋಗುತ್ತಿದ್ದೆ. ಈ ಸಲ ಬೆರಳು ನಿಂತಿತು. "ಇಟ್ಟಿಗೆ ಯಾವ ಗೂಡಿಂದು? ಅಳೆದು ನೋಡಿದ್ಯಾ?" ಎಂದು ಕೇಳಿದೆ. ಅವನು ಹಲ್ಲು ಕಿರಿಯುವ ಮೂರು ಬೊಂಬೆ ಮುಖ ಕಳಿಸಿದ. ಕಿರಿಯಲಿ ಪಾಪ. ಒಂಬತ್ತು ಇಂಚು ಎಂದು ಕಣ್ಣು ಮುಚ್ಚಿ ಹೇಳಿ ನಾನು ಏನು ಮಾಡಿಟ್ಟಿದ್ದೇನೆ ಎಂಬುದು ಅವನಿಗೆ ಗೊತ್ತಿಲ್ಲ. ನಿಮಗೆ ಹೇಳುತ್ತೇನೆ. ನಿಮಗೂ ನನಗೂ ನೆಂಟಸ್ತನವಿಲ್ಲವಾದ್ದರಿಂದ ಮರ್ಯಾದೆ ಸ್ವಲ್ಪ ಹೋದರೂ ಪರವಾಗಿಲ್ಲ.

ನಾನಿರುವುದು ಐರ್ಲೆಂಡಿನ ಲಿಮೆರಿಕ್ಕಿನಲ್ಲಿ. ಎಂ.ಎಸ್ಸಿ. ಓದಲು ಬಂದೆ, ಕೆಲಸ ಸಿಕ್ಕಿತು, ಉಳಿದುಕೊಂಡೆ. ಹಳೆಯ ಕಟ್ಟಡಗಳನ್ನು ಅಳೆದು ಕಂಪ್ಯೂಟರಿನಲ್ಲಿ ಅವುಗಳ ನಕ್ಷೆ ಬರೆಯುವುದು ನನ್ನ ಕೆಲಸ. ನಕ್ಷೆಯ ಮೂಲೆಯಲ್ಲಿ ಆಫೀಸಿನ ಹೆಸರಿರುತ್ತದೆ, ಸಹಿ ಹಾಕುವ ಆರ್ಕಿಟೆಕ್ಟರ ಹೆಸರಿರುತ್ತದೆ. ಗೆರೆ ಎಳೆದವರ ಹೆಸರು ಇರುವುದಿಲ್ಲ. ಇದನ್ನು ದೂರು ಎಂದು ಹೇಳುತ್ತಿಲ್ಲ, ಅನ್ನ ಕೊಡುವ ಕೆಲಸ ಅದು. ನನ್ನ ಕಷ್ಟವೇ ಬೇರೆ. ಇಲ್ಲಿ ಎಲ್ಲವೂ ಮಿಲಿಮೀಟರ್. ನಾನೋ ಗಾರೆ ಮೇಸ್ತ್ರಿಯ ಮಗಳು, ಮಗ್ಗಿ ಕಲಿಯುವ ಮೊದಲು ಅಡಿ-ಇಂಚು ಕಲಿತವಳು. ಇವತ್ತಿಗೂ ಒಂದು ಕೋಣೆಯೊಳಗೆ ಕಾಲಿಟ್ಟರೆ ಮನಸ್ಸು ತಾನಾಗಿ "ಹತ್ತು ಬೈ ಹನ್ನೆರಡು" ಎನ್ನುತ್ತದೆ. ಆಮೇಲೆ ಅದನ್ನು ಮಿಲಿಮೀಟರಿಗೆ ತಿರುಗಿಸಿ, ಬುದ್ಧಿವಂತಳ ಹಾಗೆ ಮುಖ ಮಾಡಿಕೊಂಡು ಹೇಳುತ್ತೇನೆ.

ಮಾರ್ಟಿನ್ ಅವರ ಪರಿಚಯವಾದದ್ದೂ ಇದರಿಂದಲೇ. ನಮ್ಮದೂ ಅವರದೂ ಒಂದೇ ಗೋಡೆಗೆ ಅಂಟಿಕೊಂಡ ಜೋಡಿ ಮನೆ. ಬಂದ ಹೊಸದರಲ್ಲಿ ಒಂದು ಶನಿವಾರ ಹಿತ್ತಿಲಲ್ಲಿ ಬಟ್ಟೆ ಒಣಗಿಸುವ ತಂತಿಗೆಂದು ನಾನೂ ನನ್ನ ಗಂಡನೂ ಟೇಪು ಹಿಡಿದಿದ್ದೆವು. ನಾನು "ಟ್ವೆಲ್ವ್ ಫೀಟ್ ತ್ರೀ" ಎಂದು ಕೂಗಿದೆ. ಬೇಲಿಗಿಡದ ಮೇಲೊಂದು ಬಿಳಿಯ ತಲೆ ಕಾಣಿಸಿತು. "ಏನಂದೆ? ಇನ್ನೊಂದ್ಸಲ ಹೇಳು. ಚಿಕ್ಕ ವಯಸ್ಸಿನೋರ ಬಾಯಲ್ಲಿ ಫೀಟ್ ಅನ್ನೋ ಮಾತು ಕೇಳಿ ಎಷ್ಟು ವರ್ಷ ಆಗಿತ್ತೋ." ಅವರು ಮಾತಾಡಿದ್ದು ಇಂಗ್ಲಿಷಿನಲ್ಲೇ. ಆದರೆ ನನ್ನ ನೆನಪಿನಲ್ಲಿ ಅವರ ಮಾತೆಲ್ಲ ಕನ್ನಡವಾಗಿ ಕೂತುಬಿಟ್ಟಿದೆ, ಹಾಗೇ ಹೇಳುತ್ತೇನೆ.

ಎಪ್ಪತ್ತೊಂಬತ್ತರ ಮಾರ್ಟಿನ್ ನಿವೃತ್ತ ಡ್ರಾಫ್ಟ್ಸ್‌ಮನ್. ಮರದ ಹಲಗೆಯ ಮೇಲೆ ಕಾಗದ ಹಾಸಿ, ಪೆನ್ಸಿಲ್ ಚೂಪು ಮಾಡಿಕೊಂಡು ನಲವತ್ತು ವರ್ಷ ಬೇರೆಯವರ ಕಟ್ಟಡಗಳ ಗೆರೆ ಎಳೆದವರು. ಅವರನ್ನು ಬರೀ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಒಂದು ವರ್ಷ ಒಪ್ಪಲಿಲ್ಲ. ಮಿಸ್ಟರ್ ಸೇರಿಸಿದರೆ ಅವರಿಗೆ ಸಿಟ್ಟು. ಕೊನೆಗೆ "ಹಲೋ" ಎಂಬುದನ್ನೇ ಅವರ ಹೆಸರಾಗಿ ಬಳಸಿ ದಿನ ದೂಡಿದೆ.

ಒಂದು ಚಳಿಗಾಲದ ಮಧ್ಯಾಹ್ನ ಅವರು ಅಡುಗೆಮನೆಯ ಮೇಜಿನ ಮೇಲೆ ಒಂದು ಕಟ್ಟು ಕಾಗದ ಬಿಚ್ಚಿದರು. ಅವರ ತಾತನ ತಮ್ಮ ಡೆನಿಸ್ ನೂರು ವರ್ಷಕ್ಕೂ ಹಿಂದೆ ಅಮೆರಿಕದ ಸೇಂಟ್ ಲೂಯಿಸ್ ನಗರಕ್ಕೆ ಹಡಗು ಹತ್ತಿದವನು. ನಮ್ಮ ಕಡೆಯ ಲೆಕ್ಕದಲ್ಲಿ ಮಾರ್ಟಿನ್ನರ ಚಿಕ್ಕತಾತ. ಅಲ್ಲಿ ಆರ್ಕಿಟೆಕ್ಟರೊಬ್ಬರ ಆಫೀಸಿನಲ್ಲಿ ಕಟ್ಟಡಗಳನ್ನು ಬರೆಯುತ್ತಿದ್ದೇನೆ ಎಂದು ಅವನು ಮನೆಗೆ ಕಾಗದ ಹಾಕುತ್ತಿದ್ದ. ಊರಿಗೆ ಮರಳಿದ ಯಾರೋ ಒಬ್ಬ, "ಎಲ್ಲಿಯ ಬರೆಯೋದು, ಇಟ್ಟಿಗೆ ಹೊರ್ತಾನೆ" ಎಂದು ಹೇಳಿಬಿಟ್ಟ. ಅಲ್ಲಿಂದ ಮನೆಯವರ ಬಾಯಲ್ಲಿ ಡೆನಿಸ್ ಎಂದರೆ ಬಡಾಯಿ ಕೊಚ್ಚುವವ ಎಂದೇ ಆಯಿತು. ಅವನು ಅಲ್ಲೇ ತೀರಿಕೊಂಡ. ಹೊರದೇಶದಲ್ಲಿ ಸತ್ತವರ ಹೆಸರನ್ನೂ ಊರಿನ ಸಮಾಧಿಯ ಕಲ್ಲಿನ ಮೇಲೆ ಕೆತ್ತಿಸುವುದು ಇಲ್ಲಿ ಅನೇಕ ಮನೆತನಗಳ ರೂಢಿ. ಡೆನಿಸನ ಹೆಸರನ್ನು ಮಾತ್ರ ಯಾರೂ ಕೆತ್ತಿಸಲಿಲ್ಲ.

ಈಗ ಕೆತ್ತಿಸಬೇಕು ಎಂದು ಹಟ ಹಿಡಿದಿದ್ದವರು ಮಾರ್ಟಿನ್ನರ ಅಕ್ಕ ನೋರಾ. ಮದುವೆಯಾಗದೆ ಉಳಿದ ಟೀಚರು, ಎಂಬತ್ತೆಂಟು ವರ್ಷ, ಗಾಲ್ವೇಯ ಒಂದು ವೃದ್ಧಾಶ್ರಮದಲ್ಲಿದ್ದರು. ಒಮ್ಮೆ ಮಾರ್ಟಿನ್ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಮಂಚದ ಪಕ್ಕ ಡೆನಿಸನ ಚಿತ್ರ. ಚೂಪು ಮೂಗು, ಕಿವಿಯ ಹಿಂದೆ ಪೆನ್ಸಿಲು. ಅವರಿಗೆ ಬರೀ ಹೆಸರು ಸಾಲದು, ಹೆಸರಿನ ಕೆಳಗೆ "ಆರ್ಕಿಟೆಕ್ಟ್, ಸೇಂಟ್ ಲೂಯಿಸ್" ಎಂದಿರಬೇಕು.

"ಅವನು ಅದೇ ಆಗಿದ್ದನೋ ಇಲ್ಲವೋ ನಮಗೆ ಗೊತ್ತಿಲ್ಲವಲ್ಲ ನೋರಾ" ಎಂದರು ಮಾರ್ಟಿನ್.

"ಗೊತ್ತು ಮಾಡ್ಕೋ. ಸುಳ್ಳು ಕೆತ್ತಿಸಬೇಡ. ಆದರೆ ನಿಜ ಇದ್ದರೆ ಅದನ್ನ ಬಿಟ್ಟೂಬಿಡಬೇಡ. ನಾನು ಹೋಗೋದ್ರೊಳಗೆ ಆಗಲಿ" ಎಂದು ನೋರಾ ನನ್ನ ಕಡೆ ತಿರುಗಿದರು. "ನೀನು ಇವನಿಗೆ ಸಹಾಯ ಮಾಡ್ತೀಯಲ್ವಾ?" ಟೀಚರು ಕೇಳಿದರೆ ಇಲ್ಲ ಎನ್ನುವ ಅಭ್ಯಾಸ ನನಗಿಲ್ಲ.

ಹೀಗೆ ನಾನು ಎಂದೂ ನೋಡದ, ಬಹುಶಃ ನೋಡಲಾರದ ಒಂದು ಊರಿನ ಹುಚ್ಚು ಹಿಡಿಯಿತು. ಸೇಂಟ್ ಲೂಯಿಸಿನಲ್ಲಿ ಹಳೆಯ ಕಟ್ಟಡಗಳ ಪಟ್ಟಿ ಮಾಡುವ ಸಣ್ಣ ಗುಂಪೊಂದಿತ್ತು. ಅಲ್ಲಿಯ ಡೋರತಿ ಎಂಬ ನಿವೃತ್ತ ಗ್ರಂಥಪಾಲಕಿ ನಮ್ಮ ಇ-ಮೇಲಿಗೆ ಪುಟಗಟ್ಟಲೆ ಉತ್ತರ ಬರೆದಳು. ಅದು ಕೆಂಪು ಇಟ್ಟಿಗೆಯ ಊರಂತೆ, ನೆಲ ಅಗೆದರೆ ಒಳ್ಳೆಯ ಜೇಡಿಮಣ್ಣು. ಗೋದಾಮು, ಬೇಕರಿ, ಚರ್ಚು ಎಲ್ಲಕ್ಕೂ ಇಟ್ಟಿಗೆಯಲ್ಲೇ ಕುಸುರಿ. ಕೆಲವು ಮನೆಗಳ ಮಾಡು ಒಂದೇ ಕಡೆಗೆ ಇಳಿದು, ಯಾರೋ ಮನೆಯನ್ನು ಮಧ್ಯಕ್ಕೆ ಕೊಯ್ದು ಉಳಿದರ್ಧ ಒಯ್ದ ಹಾಗಿದೆ. ನೀರಿನ ಗೋಪುರವೊಂದು ಅರಮನೆಯಿಂದ ತಪ್ಪಿಸಿಕೊಂಡು ಬಂದ ಕಂಬದ ಹಾಗೆ ರಸ್ತೆ ನಡುವೆ ನಿಂತಿದೆ. ಖಾಲಿ ಮನೆಗಳ ಗೋಡೆ ಒಡೆದು ಇಟ್ಟಿಗೆ ಕದಿಯುವವರೂ ಅಲ್ಲಿದ್ದಾರಂತೆ. ಇದನ್ನು ಫೋನಿನಲ್ಲಿ ಅಪ್ಪನಿಗೆ ಹೇಳಿದಾಗ, "ನಮ್ಮ ಕಡೆ ಮರಳು ಕದೀತಾರೆ, ಅಲ್ಲಿ ಇಟ್ಟಿಗೆ. ಒಟ್ನಲ್ಲಿ ಕಟ್ಟೋನ್ಗೆ ನೆಮ್ಮದಿ ಇಲ್ಲ ಬಿಡು" ಎಂದರು.

ಡೋರತಿಯ ಪಟ್ಟಿಯಲ್ಲಿ ಪ್ರತಿ ಕಟ್ಟಡದ ಮುಂದೆ ಆರ್ಕಿಟೆಕ್ಟರ ಹೆಸರಿಗೊಂದು ಕಾಲಂ ಇತ್ತು. ದೊಡ್ಡ ಕಟ್ಟಡಗಳಿಗೆ ದೊಡ್ಡ ಹೆಸರು. ಚಿಕ್ಕ ಕಟ್ಟಡಗಳ ಮುಂದೆ ಪುಟ ಪುಟವೂ "ತಿಳಿದಿಲ್ಲ". ಗೆರೆ ಎಳೆಯುವ ನಮ್ಮ ಜಾತಿಯವರೆಲ್ಲ ಆ ಒಂದು ಪದದೊಳಗೆ ಸೇರಿಕೊಂಡಿದ್ದರು. ಮಾರ್ಟಿನ್ ಆ ಪುಟಗಳನ್ನು ನಿಧಾನವಾಗಿ ಮಗುಚುತ್ತಿದ್ದರು.

ಡೆನಿಸನ ಒಂದು ಕಾಗದದಲ್ಲಿ ಮಾತ್ರ ಗಟ್ಟಿಯಾದ ಸಾಕ್ಷಿಯಿತ್ತು. ಒಂದು ಶಾಲೆಯ ವಿಚಾರ. ಎರಡು ಅಂತಸ್ತು, ನಡುವೆ ಬಾಗಿಲು, ಮೇಲೆ ಏಳು ಕಿಟಕಿ, ಮುಂಭಾಗದ ಅಗಲ ಸರಿಯಾಗಿ ಅರವತ್ತು ಅಡಿ. ಕೆಳಗೆ, "ಇದನ್ನು ಪೂರ್ತಿ ನಾನೇ ಬರೆದೆ, ಅಪ್ಪನಿಗೆ ಹೇಳು" ಎಂದಿತ್ತು. ಬೀದಿಯ ಹೆಸರು ಬರೆಯುವ ಬುದ್ಧಿ ಅವನಿಗಿರಲಿಲ್ಲ. ಅಂಥದ್ದೊಂದು ಶಾಲೆ ಇನ್ನೂ ನಿಂತಿದೆ ಎಂದು ಡೋರತಿ ಹುಡುಕಿ ತೆಗೆದಳು. ಅದೇ ಮಾದರಿಯ ಬೇರೆ ಶಾಲೆಗಳೂ ಇದ್ದವಾದ್ದರಿಂದ ಅಳತೆ ಕೂಡಿದರೆ ಮಾತ್ರ ಇದು ಅವನದೆನ್ನಬಹುದು ಎಂದು ಎಚ್ಚರಿಸಿದಳು. ಶಾಲೆ ಮುಚ್ಚಿ ಬಹಳ ಕಾಲವಾಗಿ ಮುಂದೆ ಬೇಲಿ ಹಾಕಿದ್ದರು. ಬೇಲಿಯಾಚೆಯಿಂದ ಒಂದು ಸ್ಪಷ್ಟವಾದ ಫೋಟೋ ತೆಗೆದು ಕಳಿಸಿದಳು.

ಫೋಟೋ ಇದ್ದರೆ ಸಾಕಲ್ಲ, ಇಟ್ಟಿಗೆ ಎಣಿಸಿದರಾಯಿತು. ನಾನೂ ಮಾರ್ಟಿನ್ನರೂ ದೊಡ್ಡ ಹಾಳೆಯಲ್ಲಿ ಅದನ್ನು ಮುದ್ರಿಸಿಕೊಂಡು, ಭೂತಗನ್ನಡಿ ಹಿಡಿದು, ಬಾಗಿಲ ಮೇಲಿನ ಒಂದು ಸಾಲನ್ನು ಈ ತುದಿಯಿಂದ ಆ ತುದಿಗೆ ಎಣಿಸಿದೆವು. ತೊಂಬತ್ತು. ಇನ್ನೊಮ್ಮೆ ಎಣಿಸಿದೆವು. ತೊಂಬತ್ತೇ.

"ಗಾರೆ ಸೇರಿ ಒಂದಕ್ಕೆ ಒಂಬತ್ತು ಇಂಚು ಹಿಡೀಬಹುದಲ್ವಾ?" ಎಂದು ಮಾರ್ಟಿನ್ ಕೇಳಿದರು.

"ಒಂಬತ್ತೇ. ನಮ್ಮೂರಲ್ಲೂ ಒಂಬತ್ತೇ, ನಿಮ್ಮೂರಲ್ಲೂ ಒಂಬತ್ತೇ" ಎಂದೆ. ಎಷ್ಟು ಧೈರ್ಯವಾಗಿ ಹೇಳಿದೆನೆಂದರೆ ಆ ಧ್ವನಿಯನ್ನು ನೆನೆದರೆ ಈಗಲೂ ಮೈ ಬೆವರುತ್ತದೆ. ತುಮಕೂರಿನಲ್ಲಿ ಕೂಸಿಗೂ ಗೊತ್ತು ಒಂಬತ್ತಿಂಚು ಗೋಡೆ. ಲಿಮೆರಿಕ್ಕಿನ ಹಳೆಯ ಡ್ರಾಫ್ಟ್ಸ್‌ಮನ್‌ಗೂ ಗೊತ್ತು ಒಂಬತ್ತಿಂಚು ಇಟ್ಟಿಗೆ. ಎರಡು ದೇಶ ಒಪ್ಪಿದ ಮೇಲೆ ಮೂರನೆಯದನ್ನು ಕೇಳುವುದೇನಿದೆ?

ಲೆಕ್ಕ ಹಾಕಿದರೆ ಅರವತ್ತೇಳೂವರೆ ಅಡಿ ಬಂತು. ಏಳೂವರೆ ಅಡಿ ಎಂದರೆ ಟೇಪು ಜಾರಿದ ತಪ್ಪಲ್ಲ, ಒಂದು ಕೋಣೆಯಷ್ಟು. ಮಾರ್ಟಿನ್ ಡೆನಿಸನ ಕಾಗದ ಮಡಿಸಿದರು. "ತಾನು ಬರೆದ ಮುಂಭಾಗದ ಅಳತೆ ಯಾವ ಡ್ರಾಫ್ಟ್ಸ್‌ಮನ್ನೂ ಮರೆಯಲ್ಲ. ಇದು ಅವನದಲ್ಲ" ಎಂದರು. ಇನ್ನು ಹುಡುಕುವುದು ಬೇಡ ಎಂದು ಡೋರತಿಗೆ ಬರೆದರು. ನನ್ನೆದುರೇ ನೋರಾಗೆ ಫೋನು ಮಾಡಿದರು. ಆ ಕಡೆಯಿಂದ, "ಗ್ರ್ಯಾಂಡ್. ಹಾಗಾದರೆ ಹೆಸರಷ್ಟೇ ಹಾಕಿಸು" ಎಂದದ್ದು ನನಗೂ ಕೇಳಿಸಿತು. ಗ್ರ್ಯಾಂಡ್ ಎಂದರೆ ಇಲ್ಲಿಯವರ ಬಾಯಲ್ಲಿ ಆಯಿತು ಬಿಡು ಎಂದಷ್ಟೇ ಅರ್ಥ. ಮಾರನೆಯ ವಾರ ಮಾರ್ಟಿನ್ ಹೋದಾಗ ಮಂಚದ ಪಕ್ಕದ ಚಿತ್ರ ಇರಲಿಲ್ಲವಂತೆ. ಡ್ರಾಯರಿನೊಳಗೆ ಇಟ್ಟಿದ್ದರಂತೆ.

ಬೇಸಿಗೆಗೆ ಮೊದಲು ಕಲ್ಲಿನ ಮೇಲೆ ಡೆನಿಸನ ಬರೀ ಹೆಸರು ಬಂತು. ಅದೇ ವರ್ಷ ಎಲೆ ಉದುರುವ ಕಾಲಕ್ಕೆ ನೋರಾ ತೀರಿಕೊಂಡರು. ಅವರ ಹೆಸರು ಡೆನಿಸನ ಹೆಸರಿನ ಕೆಳಗೇ ಬಂತು. ಆ ಕಲ್ಲಿನಲ್ಲಿ ಅದೇ ಕೊನೆಯ ಸಾಲು, ಕೆಳಗೆ ಜಲ್ಲಿಕಲ್ಲು.

ಮುಂದಿನ ಜೂನಿನಲ್ಲಿ ಅಪ್ಪ ಬಂದರು. ಬೇರೆಯವರ ತಂದೆ-ತಾಯಿ ಬಂದರೆ ಮಕ್ಕಳು ಸಮುದ್ರದಂಚಿನ ಬಂಡೆಗಳನ್ನು ತೋರಿಸುತ್ತಾರೆ. ನಾನೂ ತೋರಿಸಿದೆ. ಅಪ್ಪ ನೋಡಿದ್ದು ಕಾರು ನಿಲ್ಲಿಸುವ ಜಾಗದ ಕಾಂಪೌಂಡನ್ನು. ಬೆರಳಲ್ಲಿ ಸಂದು ಕೆರೆದು, "ಸಿಮೆಂಟು ಜಾಸ್ತಿ ಹಾಕವ್ರೆ" ಎಂದರು. ಮಾರ್ಟಿನ್ನರಿಗೂ ಅಪ್ಪನಿಗೂ ಇಬ್ಬರಿಗೂ ಬರುವ ಒಂದು ಭಾಷೆಯೂ ಇರಲಿಲ್ಲ, ಆದರೂ ಎರಡೇ ದಿನದಲ್ಲಿ ಗೆಳೆಯರಾದರು. ಒಬ್ಬರು ಟೇಪು ಎಳೆಯುವುದು, ಇನ್ನೊಬ್ಬರು ಬೆರಳೆತ್ತಿ ಅಡಿ ಹೇಳುವುದು, ಇಬ್ಬರೂ ತಲೆದೂಗುವುದು. ಚಹಾ ಮಾಡಿಕೊಡುವುದಷ್ಟೇ ನನ್ನ ಪಾಲಿಗಿತ್ತು.

ಒಂದು ದಿನ ಅಪ್ಪ ಮಾರ್ಟಿನ್ನರ ಅಡುಗೆಮನೆಯ ಗೋಡೆಯಲ್ಲಿ ಆ ಶಾಲೆಯ ಫೋಟೋ ಕಂಡರು. ನಮ್ಮದಲ್ಲವೆಂದ ಮೇಲೂ ಮಾರ್ಟಿನ್ ಅದನ್ನು ತೆಗೆದಿರಲಿಲ್ಲ. ನಾನು ಚಿಕ್ಕದಾಗಿ ಕಥೆ ಹೇಳಿದೆ. ಅಪ್ಪ ಕನ್ನಡಕ ಏರಿಸಿ ಹತ್ತಿರ ಹೋಗಿ ನಿಂತರು.

"ಇಟ್ಟಿಗೆ ಭಾರೀ ನಾಜೂಕಾಗಿ ಕುಂದ್ರಿಸವ್ರೆ ಕಣವ್ವ. ಅಚ್ಚು ಎಷ್ಟಿಂದು?"

"ಒಂಬತ್ತು."

"ಯಾರಂದ್ರು?"

ನಾನು ಮಾರ್ಟಿನ್ನರ ಕಡೆ ನೋಡಿದೆ.

"ಅಳೀಲಿಲ್ವಾ? ನಾನು ಹೊಸ ಗೂಡಿನ ಇಟ್ಟಿಗೆ ಬಂದ್ರೆ ಮೊದ್ಲು ಏನ್ ಮಾಡ್ತಿದ್ದೆ? ಹತ್ತು ಇಟ್ಟಿಗೆ ಸಾಲಾಗಿಟ್ಟು ಟೇಪು ಹಿಡೀತಿದ್ದೆ. ನೀನೇ ಆ ತುದಿ ಹಿಡ್ಕೊಂಡು ನಿಂತಿರ್ತಿದ್ದೆ, ಲಂಗ ಎತ್ತಿ ಕಟ್ಕೊಂಡು. ಗೂಡಿಗೊಂದು ಅಚ್ಚು. ದೇಶ ಬಿಟ್ಟು ದೇಶಕ್ಕೆ ಹೋದ್ರೆ ಬೇರೆ ಇರಲ್ವಾ?" ಅಪ್ಪ ಗದರಲಿಲ್ಲ. ನಿಜವಾಗಿ ಆಶ್ಚರ್ಯಪಟ್ಟು ಕೇಳಿದರು, ಅದು ಇನ್ನೂ ಕಷ್ಟವಾಯಿತು.

"ಏನಂತಾರೆ?" ಎಂದರು ಮಾರ್ಟಿನ್.

ಓದುಗ ಮಿತ್ರರೇ, ನನ್ನ ಜೀವನದಲ್ಲಿ ಮೊದಲ ಸಲ ಅನುವಾದದಲ್ಲಿ ಮೋಸ ಮಾಡೋಣವೆನಿಸಿತು. "ಫೋಟೋ ಚೆನ್ನಾಗಿದೆ ಅಂತಾರೆ" ಎಂದಿದ್ದರೆ ಮುಗಿಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡು ಮುದಿ ಮುಖಗಳು ನನ್ನನ್ನೇ ನೋಡುತ್ತಿದ್ದವು. ಕೊನೆಗೆ ಅಪ್ಪ ಹೇಳಿದ್ದನ್ನು ಇದ್ದ ಹಾಗೇ ಹೇಳಿದೆ. "ಒಂಬತ್ತು ಅಂದವಳು ನಾನು" ಎಂಬುದನ್ನೂ ಸೇರಿಸಿದೆ.

ಮಾರ್ಟಿನ್ ಪೆನ್ಸಿಲು ತೆಗೆದುಕೊಂಡರು. ಅರವತ್ತು ಅಡಿಯನ್ನು ಇಂಚು ಮಾಡಿದರು, ಏಳುನೂರ ಇಪ್ಪತ್ತು. ತೊಂಬತ್ತರಿಂದ ಭಾಗಿಸಿದರು. ಎಂಟು. ಚೂರೂ ಉಳಿಯಲಿಲ್ಲ. ಎಂಟರ ಕೆಳಗೆ ಎರಡು ಗೆರೆ ಎಳೆದು, ಪೆನ್ಸಿಲು ಕೆಳಗಿಟ್ಟು, ಕಿಟಕಿಯ ಕಡೆ ನೋಡುತ್ತ ಕೂತರು.

"ಯಾಕವ್ವ, ಯಜಮಾನ್ರು ಹಂಗೆ ಕೂತ್ಬುಟ್ರು?"

ನೋರಾ ವಿಚಾರ ಹೇಳಿದೆ. ಅಪ್ಪ ತಮ್ಮ ಉಣ್ಣೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಾನು ಬಾಯಿ ಬಿಡಬಾರದಿತ್ತೇನೋ" ಎಂದರು. ಅದನ್ನೂ ಅನುವಾದಿಸಿದೆ. ಮಾರ್ಟಿನ್ ತಲೆಯಾಡಿಸಿದರು. "ಇಲ್ಲ ಇಲ್ಲ. ಅವರು ಒಂದು ವರ್ಷ ಮೊದಲೇ ಬರಬೇಕಿತ್ತು ಅಂತ ಹೇಳು."

ಡೋರತಿಗೆ ಆ ಸಂಜೆಯೇ ಬರೆದೆ. ಬೇಲಿ ಮುಗಿಯುವ ಕಡೆ, ಮುಂಭಾಗದ ಮೂಲೆಯಲ್ಲಿ, ಹತ್ತು ಇಟ್ಟಿಗೆಗೆ ಟೇಪು ಹಿಡಿಯಮ್ಮಾ ಎಂದು ಬೇಡಿಕೊಂಡೆ. ಅಲ್ಲಿಯವರೆಗೆ ಆ ಒಂದು ಸಾಲು ಬರೆಯಲು ನಮಗೇನಾಗಿತ್ತು? ಗೊತ್ತಿದೆ ಅಂದುಕೊಂಡವರು ಯಾರನ್ನೂ ಕೇಳುವುದಿಲ್ಲ. ಎರಡೇ ದಿನದಲ್ಲಿ ಉತ್ತರ ಬಂತು: ಎಂಬತ್ತು ಇಂಚು, ಮೇಲೊಂದಿಷ್ಟು. ಆ ಒಂದಿಷ್ಟು ಇಂಚಿನ ಎಂಟನೇ ಒಂದು ಭಾಗ, ಅಪ್ಪನ ಭಾಷೆಯಲ್ಲಿ ಒಂದು ನೂಲು. ನಮ್ಮ ಮಾತು ನಂಬಿ ಹುಡುಕುವುದನ್ನು ಬಿಟ್ಟಿದ್ದ ಡೋರತಿ ಈಗ ನಗರದ ಹಳೆಯ ನಕ್ಷೆಗಳ ಉಗ್ರಾಣಕ್ಕೆ ಹೋದಳು. ಶಾಲೆಯ ಮೂಲ ಹಾಳೆಯಲ್ಲಿ ಸಹಿ ದೊಡ್ಡ ಸಾಹೇಬರದೇ. ಮೂಲೆಯಲ್ಲಿ ಮಾತ್ರ ಬರೆದವನ ಎರಡು ಅಕ್ಷರಗಳಿದ್ದವು, ಡೆನಿಸನ ಹೆಸರಿನದೂ ಮನೆತನದ ಹೆಸರಿನದೂ. ಪಟ್ಟಿಯಲ್ಲಿ ಆರ್ಕಿಟೆಕ್ಟರ ಕಾಲಮ್ಮಿನ "ತಿಳಿದಿಲ್ಲ" ಎಂಬುದನ್ನು ಅಳಿಸಿ ಅವನ ಹೆಸರು ಬರೆದಳು. ಅವಳ ಕಡತಕ್ಕೆಂದು ನಾನು ಆ ಮುಂಭಾಗದ ನಕ್ಷೆ ಬರೆದೆ, ಅಡಿ-ಇಂಚಿನಲ್ಲೇ. ಮಾರ್ಟಿನ್ ಪಕ್ಕದಲ್ಲಿ ನಿಂತು, "ನಿನ್ನ ಹೆಸರು ಹಾಕು. ಹಾಕದೆ ಕಳಿಸಬೇಡ" ಎಂದರು. ಹಾಕಿದೆ.

ಉಳಿದದ್ದು ಕಲ್ಲು. ಅಕ್ಷರ ಕೆತ್ತುವವನು ಬಂದು ನೋಡಿ ತಲೆ ಕೆರೆದುಕೊಂಡ. ಕೆಳಗೆ ಜಾಗವಿಲ್ಲ, ಬೇಕಿದ್ದರೆ ಪಕ್ಕಕ್ಕೊಂದು ಸಣ್ಣ ಫಲಕ ನಿಲ್ಲಿಸಬಹುದು ಎಂದ. ಮಾರ್ಟಿನ್ ಒಪ್ಪಲಿಲ್ಲ. "ನೂರು ವರ್ಷ ಅವನನ್ನ ಪಕ್ಕಕ್ಕೇ ನಿಲ್ಲಿಸಿದ್ದೀವಿ" ಎಂದರು. ಹಾಗಾದರೆ ಉಳಿದಿರುವುದು ಡೆನಿಸನ ಸಾಲಿಗೂ ನೋರಾ ಅವರ ಸಾಲಿಗೂ ನಡುವಿನ ಸಂದು ಮಾತ್ರ. ನಾನು ಎರಡು ಬಾರಿ, ಕೆತ್ತುವವನು ಒಂದು ಬಾರಿ ಅಳೆದೆವು. ಒಂದೂಕಾಲು ಇಂಚು. ಅರ್ಧ ಇಂಚಿನ ಅಕ್ಷರ ಹಿಡಿಸಬಹುದು, ಆದರೆ ನೆಲಕ್ಕೆ ಹತ್ತಿರವಾದ್ದರಿಂದ ನಿಂತವರಿಗೆ ಕಾಣುವುದಿಲ್ಲ, ಮಂಡಿಯೂರಿ ಕೂತರೆ ಮಾತ್ರ ಓದಬಹುದು ಎಂದ.

"ಕೂತು ಓದಲಿ" ಎಂದರು ಮಾರ್ಟಿನ್.

ಕೆಲಸ ಮುಗಿದಿದೆ ಎಂದು ಕೆತ್ತುವವನು ಮೊನ್ನೆ ಫೋನು ಮಾಡಿದ್ದ. ಭಾನುವಾರ ನಾವಿಬ್ಬರೇ ಹೋದೆವು. ಬೆಳಿಗ್ಗೆ ಮಳೆ ಬಂದು ನಿಂತಿತ್ತು. ಮಾರ್ಟಿನ್ನರ ಎರಡೂ ಮಂಡಿಗೆ ಆಪರೇಷನ್ ಆಗಿದೆ, ಬಗ್ಗಿದರೆ ಏಳಲಾರರು. ಅವರು ಕಲ್ಲಿನ ಮುಂದೆ ಕೋಲೂರಿ ನಿಂತರು, ನಾನು ಒದ್ದೆ ಜಲ್ಲಿಯ ಮೇಲೆ ಮಂಡಿಯೂರಿದೆ. ನೋರಾ ಅವರ ಹೆಸರು ನನ್ನ ಮುಖದ ಎದುರಿಗೇ ಇತ್ತು. ಕ್ಷಮಿಸಿ ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ, ಅದರ ಬದಲು ಆ ಹೆಸರಿನ ಮೇಲಿನ ಮಳೆನೀರನ್ನು ಅಂಗೈಯಿಂದ ಒರೆಸಿದೆ.

"ಕಾಣುತ್ತಾ?" ಎಂದು ಮೇಲಿನಿಂದ ಮಾರ್ಟಿನ್ ಕೇಳಿದರು.

"ಕಾಣುತ್ತೆ."

"ಓದು. ಗಟ್ಟಿಯಾಗಿ ಓದು, ಅವಳಿಗೂ ಕೇಳಲಿ."

ಡೆನಿಸನ ಹೆಸರು ಓದಿದೆ. ಅದರ ಕೆಳಗಿನ ಪುಟ್ಟ ಸಾಲಿನ ಮೇಲೆ ಬೆರಳಿಟ್ಟು, "ಆರ್ಕಿಟೆಕ್ಟ್, ಸೇಂಟ್ ಲೂಯಿಸ್" ಎಂದು ಓದಿದೆ.

"ಇನ್ನೊಂದ್ಸಲ ಓದು" ಎಂದರು.